‘ಜಾಬ್ ಗ್ಯಾರಂಟಿ’ ಕೋರ್ಸ್‌ಗೆ ದುಡ್ಡು ಕಟ್ಟೋ ಮುಂಚೆ ಇದನ್ನ ಓದಿ: ತಾಲ್ಲೂಕಿನಲ್ಲಿದ್ದೇ ಕಂಪ್ಯೂಟರ್ ಕೆಲಸದ ದಾರಿ ಹಿಡಿಯೋದು ಹೇಗೆ?

ತಿಪಟೂರು: ಪಿಯುಸಿ, ಡಿಗ್ರಿ ರಿಸಲ್ಟ್ ಬಂದು ಒಂದು ವಾರ ಕಳೆದರೆ ಸಾಕು. ಬಸ್ ಸ್ಟ್ಯಾಂಡ್ ಕಾಂಪೌಂಡು, ಜೆರಾಕ್ಸ್ ಅಂಗಡಿ ಬಾಗಿಲು, ಕರೆಂಟ್ ಕಂಬ, ಎಲ್ಲಾ ಕಡೆ ಒಂದೇ ಥರದ ಪೋಸ್ಟರ್. ಮೂರು ತಿಂಗಳ ಕೋರ್ಸ್, ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ ನೂರಕ್ಕೆ ನೂರು ಗ್ಯಾರಂಟಿ. ಕೆಳಗೆ ಒಂದು ಮೊಬೈಲ್ ನಂಬರ್ ಇರುತ್ತೆ, ಆಫೀಸಿನ ವಿಳಾಸ ಇರಲ್ಲ. ಫೋನ್ ಮಾಡಿ ಫೀಸು ಕೇಳಿದರೆ ಹತ್ತಾರು ಸಾವಿರ. ಕೆಲವರು ಲಕ್ಷ ದಾಟಿಸ್ತಾರೆ.

ಮಂಡಿಯಲ್ಲಿ ಟೀ ಕುಡಿಯುವಾಗ, ಕಟಿಂಗ್ ಶಾಪಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ಸುದ್ದಿ ಮಾಡೋರನ್ನ ಕಂಡರೆ ಜನ ಈಗ ಕೇಳೋದು ಇದನ್ನೇ. ‘ನಮ್ಮ ಹುಡುಗ ಕಂಪ್ಯೂಟರ್ ಲೈನಿಗೆ ಹೋಗ್ತೀನಿ ಅಂತಾನೆ ಕಣಪ್ಪ, ಇದಕ್ಕೆ ದುಡ್ಡು ಕಟ್ಟಬಹುದಾ?’ ಒಡವೆ ಅಡ ಇಟ್ಟು ಕಟ್ಟಿದವರೂ ಇದ್ದಾರೆ. ಒಬ್ಬೊಬ್ಬರಿಗೂ ನಿಂತು ಹೇಳೋದಕ್ಕಿಂತ ಗೊತ್ತಿರೋದನ್ನ ಒಂದು ಕಡೆ ಬರೆಯೋಣ ಅಂತ ಈ ವರದಿ.

ಮೊದಲೇ ಹೇಳಿಬಿಡ್ತೀನಿ. ಕಂಪ್ಯೂಟರ್ ಕೆಲಸಕ್ಕೆ ಎರಡು ಬೇಕು. ಒಂದು ಓದು. ಎಲ್ಲರೂ ಒಪ್ಪುವ ಸರ್ಟಿಫಿಕೇಟು, ಅದರ ಹಿಂದೆ ನಿಜವಾದ ವಿದ್ಯೆ. ಇನ್ನೊಂದು, ನಾಲ್ಕು ಜನಕ್ಕೆ ಉಪಯೋಗವಾಗುವ ಕೆಲಸ ಮಾಡಿ ತೋರಿಸಿರಬೇಕು. ಹಳೇ ಮಾತಿನಲ್ಲಿ ಹೇಳೋದಾದ್ರೆ ಸೇವೆ. ಈ ಎರಡೂ ಕಡಿಮೆ ಖರ್ಚಿನಲ್ಲಿ ನಮ್ಮ ಕೈಗೇ ಸಿಗುವ ಹಾಗಿವೆ. ಪೋಸ್ಟರಿನವರು ಮಾರೋದು ಇವೆರಡರಲ್ಲಿ ಒಂದೂ ಅಲ್ಲ.

ಗ್ಯಾರಂಟಿ ಅಂದ್ರೆ ಏನು?

ಇಂಥ ಕಡೆ ಸೇರುವಾಗ ಸಹಿ ಹಾಕಿಸುವ ಫಾರಂ ಇರುತ್ತಲ್ಲ, ಅದನ್ನ ಪೂರ್ತಿ ಓದಿ. ಪೋಸ್ಟರಿನಲ್ಲಿ ‘ಕೆಲಸ ಗ್ಯಾರಂಟಿ’ ಅಂತ ಇದ್ದದ್ದು ಫಾರಂನಲ್ಲಿ ‘ಕೆಲಸ ಹುಡುಕಲು ನೆರವು’ ಆಗಿರುತ್ತೆ. ಅಂದ್ರೆ ನಾಲ್ಕು ಇಂಟರ್‌ವ್ಯೂಗೆ ಕಳಿಸಿದರೆ ಅವರ ಜವಾಬ್ದಾರಿ ಮುಗೀತು. ಗ್ಯಾರಂಟಿ ನಿಜ ಅನ್ನೋದಾದರೆ, ಕೆಲಸ ಸಿಗದಿದ್ದರೆ ಎಷ್ಟು ದಿನದೊಳಗೆ ಎಷ್ಟು ಹಣ ವಾಪಸ್ ಅಂತ ಬರೆದುಕೊಡಿ ಅಂತ ಕೇಳಿ. ಅಲ್ಲಿಗೆ ಅರ್ಧ ಜನ ಮಾತು ಬದಲಾಯಿಸ್ತಾರೆ.

ಎರಡನೇದು ಕಂತು. ‘ಈಗ ಏನೂ ಕಟ್ಟಬೇಡಿ, ತಿಂಗಳಿಗಿಷ್ಟು ಕಟ್ಟಿದರೆ ಸಾಕು’ ಅಂತಾರೆ. ತುಂಬಾ ಕಡೆ ಅದು ಫೀಸಿನ ಕಂತಲ್ಲ, ಒಂದು ಫೈನಾನ್ಸ್ ಕಂಪನಿಯಿಂದ ನಿಮ್ಮ ಹೆಸರಲ್ಲೋ ಅಪ್ಪನ ಹೆಸರಲ್ಲೋ ಎತ್ತಿದ ಸಾಲ. ಹಣ ಸಂಸ್ಥೆಯವರಿಗೆ ಹೋಗಿರುತ್ತೆ, ಸಾಲ ನಿಮ್ಮ ತಲೆ ಮೇಲಿರುತ್ತೆ. ಕ್ಲಾಸ್ ಸರಿಯಿಲ್ಲ ಅಂತ ಬಿಟ್ಟು ಬಂದರೂ ಕಂತು ನಿಲ್ಲಲ್ಲ. ಕಟ್ಟದಿದ್ದರೆ ಸಿಬಿಲ್ ಸ್ಕೋರ್ ಕೆಡುತ್ತೆ, ಆಮೇಲೆ ಅಪ್ಪ ಅಂಗಡಿಗೆ ಬ್ಯಾಂಕ್ ಸಾಲ ಕೇಳಲು ಹೋದಾಗ ಅದು ಎದುರು ಬರುತ್ತೆ. ಆಧಾರ್, ಪ್ಯಾನ್ ತಗೊಂಡು ಮೊಬೈಲಿಗೆ ಓಟಿಪಿ ಕಳಿಸಿದರೆ ಇದು ಯಾವುದಕ್ಕೆ ಅಂತ ಕೇಳದೆ ಹೇಳಬೇಡಿ.

ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ತೀವಿ ಅಂದ್ರೆ ಎದ್ದು ಬನ್ನಿ. ‘ಬ್ಯಾಕ್ ಡೋರ್’ ಕೆಲಸ, ಎರಡು ವರ್ಷದ ಎಕ್ಸ್‌ಪೀರಿಯನ್ಸ್ ಸರ್ಟಿಫಿಕೇಟ್ ಮಾಡಿಸಿಕೊಡ್ತೀವಿ ಅನ್ನೋರೂ ಇದ್ದಾರೆ. ದೊಡ್ಡ ಕಂಪನಿಗಳು ಕೆಲಸಕ್ಕೆ ತಗೊಂಡ ಮೇಲೂ ಹಿಂದಿನ ದಾಖಲೆ ತನಿಖೆ ಮಾಡಿಸುತ್ತವೆ. ಸಿಕ್ಕಿಬಿದ್ದರೆ ಕೆಲಸ ಹೋಗುತ್ತೆ, ಹೆಸರೂ ಹೋಗುತ್ತೆ. ಇನ್ನು, ಕೆಲಸ ಕೊಡೋಕೆ ಮುಂಚೆ ಡಿಪಾಸಿಟ್ ಕೇಳುವ ಕಂಪನಿ ಕಂಪನಿಯೇ ಅಲ್ಲ.

ಈಗಾಗಲೇ ಕಟ್ಟಿ ಮೋಸ ಹೋದವರು ಸುಮ್ಮನೆ ಕೂರಬೇಕಿಲ್ಲ. ಆನ್‌ಲೈನ್ ವಂಚನೆ ಆಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಸಂಸ್ಥೆ ಇದೆ, ಹೇಳಿದ್ದು ಕೊಟ್ಟಿಲ್ಲ ಅಂದ್ರೆ ಗ್ರಾಹಕ ಸಹಾಯವಾಣಿ 1915. ಅದರಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ಕಟ್ಟಿದ ಹಣ 5 ಲಕ್ಷದೊಳಗಿದ್ದರೆ ಅಲ್ಲಿ ದೂರಿಗೆ ಶುಲ್ಕವೇ ಇಲ್ಲ. ಪೋಸ್ಟರಿನ ಫೋಟೋ, ರಸೀದಿ, ವಾಟ್ಸಾಪ್ ಮಾತುಕತೆ ಇಟ್ಟುಕೊಂಡಿರಿ.

ಎಲ್ಲಾ ಖಾಸಗಿ ಕ್ಲಾಸೂ ಮೋಸ ಅಂತ ಹೇಳ್ತಿಲ್ಲ. ಊರಿನಲ್ಲೇ ಎರಡು ರೂಮಿನಲ್ಲಿ ಟ್ಯಾಲಿ, ಸಿ ಪ್ರೋಗ್ರಾಮಿಂಗ್ ಚೆನ್ನಾಗಿ ಹೇಳಿಕೊಡುವ ಮೇಷ್ಟ್ರುಗಳಿದ್ದಾರೆ. ಅವರು ಗ್ಯಾರಂಟಿ ಪೋಸ್ಟರ್ ಹಾಕಲ್ಲ. ಎರಡು ದಿನ ಬಂದು ಕೂತು ನೋಡಪ್ಪ, ಆಮೇಲೆ ಫೀಸು ಕಟ್ಟು ಅಂತಾರೆ.

ಓದು: ಯಾವ ಮೆಟ್ಟಿಲಿನಲ್ಲಿ ಇದ್ದೀರಿ?

ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಐಟಿಐನಲ್ಲಿ ಕೋಪಾ ಅಂತ ಒಂದು ವರ್ಷದ ಟ್ರೇಡ್ ಇದೆ. ಕಂಪ್ಯೂಟರ್ ಆಪರೇಟರ್ ಆ್ಯಂಡ್ ಪ್ರೋಗ್ರಾಮಿಂಗ್ ಅಸಿಸ್ಟೆಂಟ್ ಅಂತ ಪೂರ್ತಿ ಹೆಸರು. ಆಫೀಸ್ ಪ್ಯಾಕೇಜ್, ನೆಟ್‌ವರ್ಕ್, ಡೇಟಾಬೇಸ್, ವೆಬ್ ಪುಟ ಕಟ್ಟೋದು ಇದರಲ್ಲಿ ಬರುತ್ತೆ. ಸಿಗುವುದು ದೇಶದಾದ್ಯಂತ ಒಪ್ಪುವ ಸರ್ಟಿಫಿಕೇಟ್. ಸರ್ಕಾರಿ ಐಟಿಐನಲ್ಲಾದರೆ ಫೀಸು ತೀರಾ ಕಡಿಮೆ. ಇದನ್ನ ಓದಿದ ತಕ್ಷಣ ಸಾಫ್ಟ್‌ವೇರ್ ಎಂಜಿನಿಯರ್ ಆಗಲ್ಲ, ಆದರೆ ಕಚೇರಿ, ಬ್ಯಾಂಕ್ ಮಿತ್ರ, ಸೇವಾ ಕೇಂದ್ರ, ಆಸ್ಪತ್ರೆ ಕೌಂಟರಿನ ಕೆಲಸಗಳಿಗೆ ದಾಖಲೆ ಇದು.

ನನ್ನನ್ನ ಕೇಳಿದರೆ ನಮ್ಮ ಕಡೆಯವರು ಲೆಕ್ಕಕ್ಕೇ ತಗೊಳ್ಳದ ದಾರಿ ಅಂದ್ರೆ ಡಿಪ್ಲೊಮಾ. ಹತ್ತನೇ ಕ್ಲಾಸಿನ ನಂತರ ಮೂರು ವರ್ಷ ಕಂಪ್ಯೂಟರ್ ಸೈನ್ಸ್. ಮುಗಿಸಿ ಡಿಸಿಇಟಿ ಪರೀಕ್ಷೆ ಬರೆದರೆ ನೇರವಾಗಿ ಬಿಇ ಎರಡನೇ ವರ್ಷಕ್ಕೆ ಸೇರಬಹುದು. ಪಿಯುಸಿ, ಸಿಇಟಿ, ಕೋಚಿಂಗ್ ಅಂತ ದುಡ್ಡು ಸುರಿಯುವುದು ತಪ್ಪುತ್ತೆ. ಹದಿನೆಂಟು ಹತ್ತೊಂಬತ್ತು ವರ್ಷಕ್ಕೇ ಕೈಯಲ್ಲಿ ಒಂದು ವಿದ್ಯೆಯೂ ಇರುತ್ತೆ. ‘ಡಿಪ್ಲೊಮಾ ಅಂದ್ರೆ ಪೆದ್ದರು ಹೋಗೋದು’ ಅಂತ ಮನೆಯಲ್ಲಿ ಅಂದುಕೊಂಡಿರೋದು ಯಾಕೋ ನನಗೆ ಗೊತ್ತಾಗಿಲ್ಲ.

ಪಿಯುಸಿ ಮುಗಿಸಿದವರು ಸಾಮಾನ್ಯವಾಗಿ ಬಿಸಿಎ ನೋಡ್ತಾರೆ. ಕಾಮರ್ಸ್‌ನವರಿಗೂ ಹಲವು ಕಡೆ ಸೀಟು ಕೊಡ್ತಾರೆ, ಆದರೆ ನಿಯಮ ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ಬೇರೆ ಇರುತ್ತೆ, ವಿಚಾರಿಸಿ. ಇನ್ನೊಂದು ದಾರಿ ಐಐಟಿ ಮದ್ರಾಸಿನದು. 2020ರಲ್ಲಿ ಅವರು ಡೇಟಾ ಸೈನ್ಸ್ ಓದನ್ನ ಆನ್‌ಲೈನ್‌ನಲ್ಲಿ ಶುರು ಮಾಡಿದರು. ಜೆಇಇ ಬೇಡ. ಪಿಯುಸಿಯೋ ಮೂರು ವರ್ಷದ ಡಿಪ್ಲೊಮಾನೋ ಆಗಿರಬೇಕು, ಆರ್ಟ್ಸ್ ಆದರೂ ನಡೆಯುತ್ತೆ, ಹತ್ತನೇ ಕ್ಲಾಸಿನಲ್ಲಿ ಗಣಿತ, ಇಂಗ್ಲಿಷ್ ಓದಿದ್ದರೆ ಸಾಕು. ನಾಲ್ಕು ವಾರ ಪಾಠ ಕೇಳಿ ಅರ್ಹತಾ ಪರೀಕ್ಷೆ ಪಾಸಾದವರಿಗೆಲ್ಲ ಸೀಟು. ಪೂರ್ತಿ ಮುಗಿಸಲು ಆಗದಿದ್ದರೆ ನಡುವೆ ಸರ್ಟಿಫಿಕೇಟ್, ಡಿಪ್ಲೊಮಾ ತಗೊಂಡು ಹೊರಗೆ ಬರಬಹುದು. ಬಡ ಮನೆಯವರಿಗೆ, ಎಸ್ಸಿ-ಎಸ್ಟಿ, ಹಿಂದುಳಿದ ವರ್ಗದವರಿಗೆ ಆದಾಯ ನೋಡಿ ಫೀಸಿನಲ್ಲಿ ಶೇಕಡಾ 75ರವರೆಗೂ ಬಿಡ್ತಾರೆ. ಆದರೆ ಪಾಠ ಇಂಗ್ಲಿಷಿನಲ್ಲಿ, ಗಣಿತ ಗಟ್ಟಿ. ವಾರಕ್ಕೆ ಹತ್ತು ಗಂಟೆ ಕೂರೋ ಮನಸ್ಸಿದ್ದವರು ಮಾತ್ರ ಕೈ ಹಾಕಿ.

ಡಿಗ್ರಿ ನಡುವೆ ಬಿಟ್ಟವರು ನಮ್ಮಲ್ಲಿ ಬಹಳ ಜನ. ನಾನೂ ಅವರಲ್ಲೊಬ್ಬ, ಹಾಗಾಗಿ ಈ ಭಾಗ ಸ್ವಲ್ಪ ಜಾಸ್ತಿಯೇ ಹುಡುಕಿ ನೋಡಿದ್ದೀನಿ. ಇಗ್ನೋ ಬಿಸಿಎಗೆ ಪಿಯುಸಿ ಯಾವ ವಿಷಯದಲ್ಲಿ ಪಾಸಾಗಿದ್ದರೂ ಆಗುತ್ತೆ. ಮೂರು ವರ್ಷದ ಓದನ್ನ ಆರು ವರ್ಷದವರೆಗೂ ಎಳೆಯಬಹುದು. ಬೆಳಗ್ಗೆ ಅಂಗಡಿಯಲ್ಲಿ ಕೂತು ರಾತ್ರಿ ಓದುವವರಿಗೆ ಇದು ಹೊಂದುತ್ತೆ. ಹಲವು ದೊಡ್ಡ ಕಂಪನಿಗಳು ಡಿಗ್ರಿ ಇಲ್ಲದ ಅರ್ಜಿಯನ್ನ ತೆರೆದೂ ನೋಡಲ್ಲ, ಹತ್ತನೇ ಕ್ಲಾಸಿನಿಂದ ಶೇಕಡಾ 60 ಇರಬೇಕು ಅನ್ನೋ ನಿಯಮವೂ ಉಂಟು. ಡಿಗ್ರಿಯೇ ಬೇಡ ಅಂತ ಯೂಟ್ಯೂಬ್‌ನಲ್ಲಿ ಹೇಳುವವರ ಮಾತನ್ನ ಪೂರ್ತಿ ನಂಬಬೇಡಿ. ಹಾಗಂತ ಬೇರೆ ಥರದವರು ಇಲ್ಲವೇ ಇಲ್ಲ ಅಂತಲೂ ಅಲ್ಲ. ತಮಿಳುನಾಡಿನ ಜೋಹೋ ಕಂಪನಿ 2005ರಿಂದ ಪಿಯುಸಿ, ಡಿಪ್ಲೊಮಾ ಮಟ್ಟದ ಹುಡುಗರನ್ನ ಸೇರಿಸಿಕೊಂಡು, ಸ್ಟೈಪೆಂಡ್ ಕೊಟ್ಟು, ಕಲಿಸಿ ಕೆಲಸಕ್ಕೆ ಇಟ್ಟುಕೊಳ್ತಿದೆ. ವಿಪ್ರೋದವರು ಬಿಸಿಎ, ಬಿಎಸ್ಸಿ ಆದವರನ್ನ ತಗೊಂಡು ಸಂಬಳದ ಜೊತೆ ಎಂ.ಟೆಕ್ ಓದಿಸ್ತಾರೆ, ಆದರೆ ಇಷ್ಟು ವರ್ಷ ಬಿಟ್ಟು ಹೋಗಬಾರದು ಅಂತ ಬಾಂಡ್ ಇರುತ್ತೆ.

ಇನ್ನು ಪುಕ್ಕಟೆ ಪಾಠ. ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್ಸಿ ಸೇರಿ 2003ರಲ್ಲಿ ಶುರು ಮಾಡಿದ ಎನ್‌ಪಿಟೆಲ್‌ನಲ್ಲಿ ಪಾಠ ಕೇಳೋಕೆ ಒಂದು ರೂಪಾಯಿ ಇಲ್ಲ. ಸರ್ಟಿಫಿಕೇಟ್ ಬೇಕಾದರೆ ಮಾತ್ರ ಪರೀಕ್ಷೆಗೆ 1,000 ರೂಪಾಯಿ ಕಟ್ಟಿ ನಗರದ ಕೇಂದ್ರಕ್ಕೆ ಹೋಗಿ ಬರೆಯಬೇಕು. ನೂರರಲ್ಲಿ 25 ಅಂಕ ವಾರವಾರದ ಮನೆಗೆಲಸಕ್ಕೆ, 75 ಪರೀಕ್ಷೆಗೆ. ಜನವರಿ, ಜುಲೈ ಎರಡು ಸಲ ಸೇರಿಕೊಳ್ಳಬಹುದು. ಪೈಥಾನ್ ಭಾಷೆ ಕಲಿಯೋರಿಗೆ ‘ದಿ ಜಾಯ್ ಆಫ್ ಕಂಪ್ಯೂಟಿಂಗ್ ಯೂಸಿಂಗ್ ಪೈಥಾನ್’ ಅಂತ ಹನ್ನೆರಡು ವಾರದ ಪಾಠ ಇದೆ, ಏನೂ ಗೊತ್ತಿಲ್ಲದವರಿಗೇ ಅಂತ ಮಾಡಿದ್ದು. ಇಂಗ್ಲಿಷ್ ಕಷ್ಟ ಅನ್ನೋರಿಗೆ ಐಐಟಿ ಬಾಂಬೆಯ ‘ಸ್ಪೋಕನ್ ಟ್ಯುಟೋರಿಯಲ್’ ನೋಡಿ. ಹತ್ತು ಹತ್ತು ನಿಮಿಷದ ವಿಡಿಯೋ, ಎಷ್ಟೋ ಪಾಠಗಳಿಗೆ ಕನ್ನಡದಲ್ಲೇ ದನಿ ಕೊಟ್ಟಿದ್ದಾರೆ. ವಿಡಿಯೋ ನೋಡ್ತಾ ಪಕ್ಕದಲ್ಲೇ ಮಾಡುತ್ತಾ ಹೋಗುವ ಹಾಗೆ ಕಟ್ಟಿದ ಪಾಠ ಅದು. ಮನೆಯಲ್ಲಿ ಕಂಪ್ಯೂಟರ್ ಇಲ್ಲ ಅಂದ್ರೆ ಗ್ರಾಮ ಪಂಚಾಯಿತಿ ಲೈಬ್ರರಿಗಳು ಈಗ ‘ಅರಿವು ಕೇಂದ್ರ’ ಆಗಿವೆ, ಹಲವು ಕಡೆ ಕಂಪ್ಯೂಟರ್ ಇಟ್ಟಿದ್ದಾರೆ. ಧೂಳು ಹೊಡೆದು ಕೂತರೆ ಆಯ್ತು.

ಸೇವೆ: ಕೌಂಟರಿನ ಆಚೆ ಕಡೆ ಕಲಿಯೋದು

ಓದಿದ್ದೇನೋ ಸರಿ, ‘ಏನು ಮಾಡಿದ್ದೀಯಾ?’ ಅಂತ ಇಂಟರ್‌ವ್ಯೂನಲ್ಲಿ ಕೇಳ್ತಾರೆ. ಅಲ್ಲಿ ನಮ್ಮ ಹುಡುಗರು ಸುಮ್ಮನಾಗ್ತಾರೆ. ಇದಕ್ಕೆ ಉತ್ತರ ಊರಲ್ಲೇ ಇದೆ.

ನಮ್ಮ ಜಿಲ್ಲೆಗೆ ಇದು ಹೊಸದೂ ಅಲ್ಲ. 2010ರ ಕೊನೆಯಲ್ಲಿ ಆಧಾರ್ ನೋಂದಣಿ ಕರ್ನಾಟಕದಲ್ಲಿ ಪ್ರಾಯೋಗಿಕವಾಗಿ ಶುರುವಾದ ಎರಡು ಜಿಲ್ಲೆಗಳಲ್ಲಿ ತುಮಕೂರೂ ಒಂದು, ಇನ್ನೊಂದು ಮೈಸೂರು. ಶಾಲೆ, ಪಂಚಾಯಿತಿ ಕಟ್ಟಡಗಳಲ್ಲಿ ಲ್ಯಾಪ್‌ಟಾಪ್, ಬೆರಳಚ್ಚು ಯಂತ್ರ ಇಟ್ಟುಕೊಂಡು ಅಜ್ಜ ಅಜ್ಜಿಯರ ಬೆರಳು ಒತ್ತಿಸಿದವರು ಎಂಜಿನಿಯರುಗಳಲ್ಲ. ಆಪರೇಟರ್ ಕೆಲಸಕ್ಕೆ ಪಿಯುಸಿ ಮತ್ತು ಒಂದು ಪರೀಕ್ಷೆ ಸಾಕಿತ್ತು. ಅದಕ್ಕೂ ಮುಂಚೆ ಭೂಮಿ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿ ಕಂಪ್ಯೂಟರಿಗೆ ಏರಿದ್ದು ತಾಲ್ಲೂಕು ಮಟ್ಟದಲ್ಲೇ.

ಈಗ ಆ ಜಾಗದಲ್ಲಿ ಗ್ರಾಮ ಒನ್, ಸಿಎಸ್‌ಸಿ, ಬಾಪೂಜಿ ಸೇವಾ ಕೇಂದ್ರಗಳಿವೆ. ಒಂದು ಕೇಂದ್ರದಲ್ಲಿ ಸಹಾಯಕನಾಗಿ ಆರು ತಿಂಗಳು ಕೂತವನಿಗೆ ಏನು ಬರುತ್ತೆ ಅಂತ ನೋಡಿ. ಒಬ್ಬ ರೈತ ಬಂದು ಪಿಎಂ ಕಿಸಾನ್ ಹಣ ಬಂದಿಲ್ಲ ಅಂತಾನೆ. ಆಧಾರ್‌ನಲ್ಲಿ ‘ಸಿದ್ದಪ್ಪ’, ಪಹಣಿಯಲ್ಲಿ ‘ಸಿದ್ಧಪ್ಪ ಬಿನ್ ಲೇಟ್ ಕರಿಯಪ್ಪ’, ಬ್ಯಾಂಕಿನಲ್ಲಿ ಇಂಗ್ಲಿಷ್ ಸ್ಪೆಲ್ಲಿಂಗೇ ಬೇರೆ. ಮೂರರಲ್ಲಿ ಯಾವುದು ಯಾವುದಕ್ಕೆ ಹೊಂದುತ್ತಿಲ್ಲ ಅಂತ ಕಂಡುಹಿಡಿದು, ಯಾವುದನ್ನ ಮೊದಲು ತಿದ್ದಿಸಬೇಕು ಅಂತ ಹೇಳೋನು ಅವನೇ. 2023ರಲ್ಲಿ ಗೃಹಲಕ್ಷ್ಮಿ ಅರ್ಜಿ ಶುರುವಾದಾಗ ಸರ್ವರ್ ಡೌನ್ ಆಗಿ ಬಾಗಿಲಲ್ಲಿ ಸಾಲು ನಿಂತಿತ್ತಲ್ಲ, ಆಗ ತಪ್ಪು ನಮ್ಮ ನೆಟ್‌ನದೋ, ಬ್ರೌಸರಿನದೋ, ಆಚೆಯ ಸರ್ವರಿನದೋ ಅಂತ ಬಿಡಿಸಿ ನೋಡಲು ಕಲಿತವರು ಇವರೇ.

ಬೆಂಗಳೂರಿನ ಕಂಪನಿಗಳಲ್ಲಿ ಇದೇ ಕೆಲಸಕ್ಕೆ ಟೆಕ್ನಿಕಲ್ ಸಪೋರ್ಟ್, ಟೆಸ್ಟಿಂಗ್, ಡೇಟಾ ಕ್ವಾಲಿಟಿ ಅಂತ ದೊಡ್ಡ ಹೆಸರು. ಆದರೆ ನಮ್ಮ ಹುಡುಗರು ಅರ್ಜಿಯಲ್ಲಿ ಬರೆಯೋದು ‘ಸೈಬರ್ ಸೆಂಟರ್‌ನಲ್ಲಿ ಕೆಲಸ’ ಅಂತ ಮೂರೇ ಪದ. ಹೀಗೆ ಮಾಡಿ: ಒಂದು ನೂರು ಪುಟದ ನೋಟ್‌ಬುಕ್ ಇಡಿ. ದಿನಾ ಬಂದ ಹೊಸ ಸಮಸ್ಯೆ, ಪರದೆ ಮೇಲೆ ಬಂದ ಎರರ್, ನೀವು ಏನು ಮಾಡಿದಿರಿ, ಸರಿಹೋಯ್ತಾ ಅಂತ ನಾಲ್ಕು ಸಾಲು. ಗಿರಾಕಿಯ ಹೆಸರು, ಆಧಾರ್ ನಂಬರ್ ಮಾತ್ರ ಬರೆಯಬೇಡಿ, ಅದು ಅವರ ಸ್ವಂತದ್ದು. ಆರು ತಿಂಗಳಿಗೆ ಅದೇ ನಿಮ್ಮ ಇಂಟರ್‌ವ್ಯೂ ಗೈಡ್.

ಬರೀ ಟೈಪಿಂಗ್, ಡೇಟಾ ಎಂಟ್ರಿಯನ್ನೇ ನಂಬಿಕೊಂಡು ಕೂರುವ ಕಾಲ ಮುಗೀತಾ ಬಂತು. ಅರ್ಜಿಗಳು ಮೊಬೈಲಿಗೇ ಬರ್ತಿವೆ, ಓದಿ ತುಂಬಿಸುವ ಕೆಲಸವನ್ನ ಎಐ ಮಾಡ್ತಿದೆ. ಕೌಂಟರ್ ಮೊದಲ ಮೆಟ್ಟಿಲು ಅಷ್ಟೇ.

ಇನ್ನೊಂದು ಸೇವೆ: ಕಂಪ್ಯೂಟರಿಗೆ ಕನ್ನಡ ಕಲಿಸೋದು

ಇದು ಮನೆಯಲ್ಲಿ ಕೂತು ಮಾಡುವಂಥದ್ದು. ಊರು ಬಿಟ್ಟು ಹೋಗಲು ಮನೆಯವರು ಒಪ್ಪದ ಹೆಣ್ಣುಮಕ್ಕಳಿಗೂ ಆಗುತ್ತೆ.

ಹಿನ್ನೆಲೆ ಸ್ವಲ್ಪ ಗೊತ್ತಿರಲಿ. ನಾವು ನುಡಿಯಲ್ಲಿ ಟೈಪ್ ಮಾಡುವ ಕೀಬೋರ್ಡ್ ವಿನ್ಯಾಸದ ಮೂಲ ದಕ್ಷಿಣ ಕನ್ನಡದ ಕಿನ್ನಿಕಂಬಳದವರಾದ ಕೆ.ಪಿ. ರಾವ್ ಅವರದು. ಇಂಗ್ಲಿಷಿನ 26 ಕೀಲಿಗಳಲ್ಲೇ ಕನ್ನಡ ಕೂರುವ ಹಾಗೆ ಅವರು ಜೋಡಿಸಿದರು, ಅದನ್ನ ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟರು. ಇವತ್ತು ತಾಲ್ಲೂಕು ಕಚೇರಿಯಿಂದ ಡಿಟಿಪಿ ಅಂಗಡಿವರೆಗೆ ಎಷ್ಟು ಜನ ಅದರ ಮೇಲೆ ಅನ್ನ ಉಣ್ತಿದ್ದಾರೆ ಲೆಕ್ಕ ಹಾಕಿ.

ಇನ್ನೂ ಮಾಡಬೇಕಾದ ಕೆಲಸ ರಾಶಿ ಇದೆ. ನಿಮ್ಮ ಡಿಟಿಪಿ ಅಂಗಡಿಯಲ್ಲಿ ಹತ್ತು ವರ್ಷದ ಹಿಂದಿನ ಮದುವೆ ಪತ್ರಿಕೆ ಫೈಲ್ ತೆಗೆದು ವಾಟ್ಸಾಪ್‌ಗೆ ಹಾಕಿ ನೋಡಿ. ಅಕ್ಷರದ ಬದಲು ಗಿಜಿಬಿಜಿ ಗುರುತು ಬರುತ್ತೆ. ಕಾರಣ ಇಷ್ಟೇ: ಹಳೆಯ ಫಾಂಟ್‌ಗಳಲ್ಲಿ ಕನ್ನಡ ಅಕ್ಷರವನ್ನ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕೂರಿಸಿದ್ದರು. ಆ ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಕಸ. ಯೂನಿಕೋಡ್‌ನಲ್ಲಿ ಹಾಗಲ್ಲ, ಕನ್ನಡಕ್ಕೇ ಅಂತ 128 ಸ್ಥಾನಗಳ ಸ್ವಂತ ಜಾಗ ಇದೆ. ಹಾಗಾಗಿ ಯಾವ ಮೊಬೈಲಿನಲ್ಲಾದರೂ ಕನ್ನಡ ಕನ್ನಡವೇ. ಹಳೇ ಫೈಲನ್ನ ಯೂನಿಕೋಡ್‌ಗೆ ಬದಲಾಯಿಸುವ ಉಚಿತ ಕನ್ವರ್ಟರ್‌ಗಳಿವೆ, ಕನ್ನಡದ ಸ್ವಯಂಸೇವಕರು ಬರೆದದ್ದು. ಆದರೂ ಒತ್ತಕ್ಷರ, ಅರ್ಕಾವತ್ತು ಬಂದ ಕಡೆ ಎಡವುದುಂಟು. ಎಲ್ಲಿ ಎಡವಿತು ಅಂತ ನಿಖರವಾಗಿ ಬರೆದು ಕಳಿಸೋದೇ ಒಂದು ಸೇವೆ. ಅದನ್ನ ಸರಿ ಮಾಡುವ ನಾಲ್ಕು ಸಾಲು ಕೋಡ್ ಬರೆದರೆ ನೀವಾಗಲೇ ಪ್ರೋಗ್ರಾಮರ್.

ಇದೆಲ್ಲ ನಡೆಯುವುದು ಓಪನ್ ಸೋರ್ಸ್ ಅನ್ನೋ ಪದ್ಧತಿಯಲ್ಲಿ. ಅಂದ್ರೆ ತಂತ್ರಾಂಶದ ಒಳಗಿನ ಕೋಡ್ ಎಲ್ಲರಿಗೂ ತೆರೆದಿರುತ್ತೆ, ಯಾರು ಬೇಕಾದರೂ ನೋಡಿ ತಿದ್ದಬಹುದು. ಗಿಟ್‌ಹಬ್ ಅನ್ನೋ ಜಾಗದಲ್ಲಿ ಉಚಿತ ಖಾತೆ ತೆರೆಯಿರಿ. ಅಲ್ಲಿ ದೋಷ ಕಂಡರೆ ‘ಇಶ್ಯೂ’ ಬರೀತಾರೆ, ಅದು ದೂರು ಅರ್ಜಿ ಇದ್ದ ಹಾಗೆ. ನೀವೇ ತಿದ್ದಿದರೆ ‘ಪುಲ್ ರಿಕ್ವೆಸ್ಟ್’ ಕಳಿಸ್ತೀರಿ, ನನ್ನ ತಿದ್ದುಪಡಿ ಸೇರಿಸಿಕೊಳ್ಳಿ ಅನ್ನೋ ಮನವಿ. ಆ ಯೋಜನೆ ನೋಡಿಕೊಳ್ಳುವವರು ಪರಿಶೀಲಿಸಿ, ಇಲ್ಲಿ ಹೀಗೆ ಬದಲಿಸು ಅಂತ ವಾಪಸ್ ಕಳಿಸ್ತಾರೆ. ತಾಲ್ಲೂಕು ಕಚೇರಿ ಟಿಪ್ಪಣಿ ಹಾಳೆ ಥರಾನೇ, ಆದರೆ ಇಲ್ಲಿ ಕಡತ ಕಳೆಯಲ್ಲ. ಯಾರು, ಯಾವ ದಿನ, ಏನು ಬರೆದರು ಎಲ್ಲಾ ಶಾಶ್ವತವಾಗಿ ನಿಮ್ಮ ಹೆಸರಲ್ಲಿ ಉಳಿಯುತ್ತೆ. ಕೆಲಸ ಕೊಡೋರು ಅದನ್ನ ತೆರೆದು ನೋಡಬಹುದು. ಪೋಸ್ಟರಿನವರು ಕೊಡುವ ಬಣ್ಣದ ಸರ್ಟಿಫಿಕೇಟ್‌ಗೂ ಇದಕ್ಕೂ ವ್ಯತ್ಯಾಸ ಅಲ್ಲಿದೆ.

ಕೋಡ್ ಇನ್ನೂ ಬರದವರು ಭಾಷೆಯಿಂದ ಶುರು ಮಾಡಲಿ. ಫೈರ್‌ಫಾಕ್ಸ್ ಬ್ರೌಸರಿನ ಮೆನು ಕನ್ನಡ ಮಾಡೋದು ಮೊಜಿಲ್ಲಾದ ಪಾಂಟೂನ್ ಜಾಲತಾಣದಲ್ಲಿ, ನೀವು ಸೂಚಿಸಿದ ಪದವನ್ನ ಹಿರಿಯ ಸ್ವಯಂಸೇವಕರು ನೋಡಿ ಒಪ್ಪುತ್ತಾರೆ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದಲ್ಲಿ ನಿಮ್ಮ ಊರಿನ ಲೇಖನ ಇದೆಯಾ, ಸರಿಯಾಗಿದೆಯಾ ನೋಡಿ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ನಿಮ್ಮ ಹಳ್ಳಿಯ ರಸ್ತೆ, ಕೆರೆ, ಶಾಲೆ ಗುರುತಿಸಿ ಕನ್ನಡದಲ್ಲಿ ಹೆಸರು ಹಾಕಬಹುದು. ಕೇಂದ್ರ ಸರ್ಕಾರದ ಭಾಷಿಣಿ ಯೋಜನೆಗೆ ಕನ್ನಡದ ದನಿ, ವಾಕ್ಯ ಕೊಡಬಹುದು. ಅನುವಾದ ಮಾಡಿದ ಮಾತ್ರಕ್ಕೆ ಕೋಡಿಂಗ್ ಕೆಲಸ ಸಿಗುತ್ತೆ ಅಂತಲ್ಲ. ಆದರೆ ತಂತ್ರಾಂಶ ಹೇಗೆ ಕಟ್ಟುತ್ತಾರೆ, ತಂಡದಲ್ಲಿ ಹೇಗೆ ಮಾತಾಡ್ತಾರೆ ಅನ್ನೋದು ಒಳಗೆ ಕಾಲಿಟ್ಟವರಿಗೆ ಮಾತ್ರ ಗೊತ್ತಾಗೋದು.

ಲೆಕ್ಕ ತೋರಿಸೋಕೆ ಮಾಡಬೇಡಿ. 2020ರ ಅಕ್ಟೋಬರ್‌ನಲ್ಲಿ ನಾಲ್ಕು ಪುಲ್ ರಿಕ್ವೆಸ್ಟ್ ಕಳಿಸಿದರೆ ಟೀ ಶರ್ಟ್ ಕೊಡುವ ‘ಹ್ಯಾಕ್ಟೋಬರ್‌ಫೆಸ್ಟ್’ ಅನ್ನೋ ಕಾರ್ಯಕ್ರಮ ಇತ್ತು. ಒಂದು ಚುಕ್ಕೆ ಸೇರಿಸಿ, ಒಂದು ಪದ ಬದಲಿಸಿ ಸಾವಿರಾರು ಜನ ಕಸ ಕಳಿಸಿದರು, ಅದರಲ್ಲಿ ನಮ್ಮ ದೇಶದವರೂ ಬಹಳ. ಕೊನೆಗೆ ನಡುವೆಯೇ ನಿಯಮ ಬದಲಾಯಿಸಬೇಕಾಯ್ತು. ತಿಂಗಳಿಗೆ ಒಂದೇ ಆದರೂ ಉಪಯೋಗಕ್ಕೆ ಬರುವಂಥದ್ದು ಇರಲಿ.

ಹೀಗೆ ಒಂದೆರಡು ವರ್ಷ ಕೈ ಪಳಗಿದವರಿಗೆ ಹಣ ಬರುವ ಅವಕಾಶವೂ ಇದೆ. ಗೂಗಲ್ ಸಮ್ಮರ್ ಆಫ್ ಕೋಡ್ 2005ರಿಂದ ನಡೀತಿದೆ, 2022ರಿಂದ ಕಾಲೇಜಿನಲ್ಲಿ ಇಲ್ಲದವರಿಗೂ ತೆರೆದಿದೆ, 18 ವರ್ಷ ಆಗಿದ್ದರೆ ಸಾಕು. ಔಟ್‌ರೀಚಿ ಅಂತ ಇನ್ನೊಂದಿದೆ. ಈ ಕ್ಷೇತ್ರದಲ್ಲಿ ಅವಕಾಶ ಕಡಿಮೆ ಸಿಕ್ಕವರಿಗೆ, ತಾರತಮ್ಯ ಕಂಡವರಿಗೆ ಅಂತ ಮಾಡಿದ ಮೂರು ತಿಂಗಳ ಇಂಟರ್ನ್‌ಶಿಪ್, ಮನೆಯಿಂದಲೇ ಕೆಲಸ, ಸ್ಟೈಪೆಂಡ್ 7,000 ಡಾಲರ್. ಎರಡಕ್ಕೂ ಸ್ಪರ್ಧೆ ಜೋರು. ಎರಡರಲ್ಲೂ ನೀವು ಕೇಳಿಸಿಕೊಳ್ಳುವ ಫೀಸು ಸೊನ್ನೆ. ಯಾರಾದರೂ ಇದಕ್ಕೆ ಸೇರಿಸ್ತೀನಿ ದುಡ್ಡು ಕೊಡು ಅಂದ್ರೆ 1930 ನೆನಪಿರಲಿ.

ಸಂಬಳದ ಮಾತು

ದೊಡ್ಡ ಐಟಿ ಕಂಪನಿಗಳಲ್ಲಿ ಎಂಜಿನಿಯರಿಂಗ್ ಮುಗಿಸಿ ಹೊಸದಾಗಿ ಸೇರುವವರಿಗೆ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸು. ಹತ್ತು ವರ್ಷದಿಂದ ಆ ಅಂಕಿ ಹೆಚ್ಚು ಕದಲಿಲ್ಲ. ತಿಂಗಳಿಗೆ ಇಪ್ಪತ್ತೆಂಟು ಮೂವತ್ತು ಸಾವಿರ ಅಂದುಕೊಳ್ಳಿ, ಪಿಎಫ್ ಕಡಿತ, ಬೆಂಗಳೂರಿನ ಪಿಜಿ ಬಾಡಿಗೆ ಕಳೆದರೆ ಮನೆಗೆ ಕಳಿಸಲು ಏನು ಉಳಿಯುತ್ತೆ ನೀವೇ ನೋಡಿ. ಸಪೋರ್ಟ್, ಟೆಸ್ಟಿಂಗ್‌ಗೆ ಬಿಸಿಎ, ಡಿಪ್ಲೊಮಾದವರು ಸೇರಿದರೆ ಶುರುವಿನಲ್ಲಿ ಇದಕ್ಕಿಂತ ಕಡಿಮೆಯೇ. ಎರಡು ಮೂರು ವರ್ಷ ನಿಂತು ಕೈ ಕುದುರಿಸಿಕೊಂಡವರಿಗೆ ಏರುತ್ತೆ. ಮೂರು ತಿಂಗಳಲ್ಲಿ ಲಕ್ಷ ಸಂಬಳ ಅನ್ನೋ ಪೋಸ್ಟರ್ ಓದುವಾಗ ಈ ಲೆಕ್ಕ ತಲೆಯಲ್ಲಿರಲಿ.

ಕೆಲಸ ಸಿಗುವವರೆಗೆ ಕೈ ಖಾಲಿ ಅನ್ನೋರಿಗೆ ಎರಡು ವಿಷಯ. ಐಟಿಐ, ಡಿಪ್ಲೊಮಾ, ಡಿಗ್ರಿ ಆದವರು ಸರ್ಕಾರದ ಅಪ್ರೆಂಟಿಸ್ ಪೋರ್ಟಲ್‌ಗಳಲ್ಲಿ ಹೆಸರು ನೋಂದಾಯಿಸಿ, ಅಲ್ಲಿ ಸ್ಟೈಪೆಂಡ್ ಇಷ್ಟಕ್ಕಿಂತ ಕಡಿಮೆ ಕೊಡಬಾರದು ಅಂತ ಕಾನೂನೇ ಇದೆ. ಯುವನಿಧಿಯಲ್ಲಿ ಡಿಗ್ರಿಯವರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ಪಾಸಾಗಿ ಆರು ತಿಂಗಳಾದರೂ ಕೆಲಸ ಸಿಗದವರಿಗೆ, ಮುಂದೆ ಓದದೇ ಇರುವವರಿಗೆ ಮಾತ್ರ. ಎನ್‌ಪಿಟೆಲ್‌ನ ಮೂರು ಪರೀಕ್ಷೆ ಫೀಸು ಒಂದು ತಿಂಗಳ ಯುವನಿಧಿಯಲ್ಲಿ ಆಗುತ್ತೆ.

ಅಂಗಡಿಯವರಿಗೆ ಒಂದು ಮಾತು

ಮೊದಲ ಕೆಲಸ ಬೆಂಗಳೂರಲ್ಲೇ ಸಿಗಬೇಕು ಅಂತಿಲ್ಲ, ನಿಮ್ಮ ಗಲ್ಲಾಪೆಟ್ಟಿಗೆ ಪಕ್ಕದಲ್ಲೇ ಇದೆ. ಕೊಬ್ಬರಿ ಟೆಂಡರ್ ಆನ್‌ಲೈನ್ ಆಗಿ ಎಷ್ಟೋ ವರ್ಷ ಆಯ್ತು, ಬಿಲ್ಲು ಜಿಎಸ್‌ಟಿಗೆ ಹೋಗ್ತಿದೆ, ಆದರೆ ಸಾಲದ ಲೆಕ್ಕ ಮಾತ್ರ ಇನ್ನೂ ಕೆಂಪು ರಟ್ಟಿನ ಪುಸ್ತಕದಲ್ಲಿದೆ. ಬಿಸಿಎ ಓದುವ ಹುಡುಗನಿಗೋ ಹುಡುಗಿಗೋ ಆ ಪುಸ್ತಕ ಕೊಟ್ಟು ನೋಡಿ. ಒಂದೇ ಹೆಸರಿನ ನಾಲ್ಕು ಗಿರಾಕಿಗಳನ್ನ ಬೇರೆ ಮಾಡೋದು ಹೇಗೆ, ಅರ್ಧ ಕಟ್ಟಿ ಅರ್ಧ ಉಳಿಸಿದ್ದನ್ನ ಬರೆಯೋದು ಹೇಗೆ, ಕರೆಂಟ್ ಹೋದರೆ ಲೆಕ್ಕ ಎಲ್ಲಿ ಉಳಿಯುತ್ತೆ, ಈ ಪ್ರಶ್ನೆಗಳು ಕಾಲೇಜಿನ ಲ್ಯಾಬ್ ರೆಕಾರ್ಡ್‌ನಲ್ಲಿ ಬರಲ್ಲ. ಹಾರ್ಡ್‌ವೇರ್ ಅಂಗಡಿ ಸ್ಟಾಕು, ಮೆಡಿಕಲ್ ಶಾಪಿನಲ್ಲಿ ಎಕ್ಸ್‌ಪೈರಿ ಆಗುವ ಮಾತ್ರೆಗಳ ಪಟ್ಟಿ, ಬೀಜ ಗೊಬ್ಬರದ ಅಂಗಡಿಯ ದಾಸ್ತಾನು, ಎಲ್ಲಾ ಇದೇ ಥರ.

ಪುಕ್ಕಟೆ ಮಾಡಿಸಿಕೊಳ್ಳಬೇಡಿ. ಸೇವೆ ಅನ್ನೋ ಮಾತು ಸಾರ್ವಜನಿಕ ಕೆಲಸಕ್ಕೆ, ವ್ಯಾಪಾರಕ್ಕಲ್ಲ. ಇಷ್ಟು ದಿನ, ಇಷ್ಟು ಕೆಲಸ, ಇಷ್ಟು ಹಣ ಅಂತ ಮೊದಲೇ ಮಾತಾಡಿಕೊಳ್ಳಿ, ಅರ್ಧ ಮುಂಗಡ ಕೊಡಿ. ಜಿಎಸ್‌ಟಿ ಪೋರ್ಟಲ್ ಪಾಸ್‌ವರ್ಡ್, ಬ್ಯಾಂಕ್ ಓಟಿಪಿ ಮಾತ್ರ ಯಾರಿಗೂ ಕೊಡಬೇಡಿ, ಎಷ್ಟೇ ಒಳ್ಳೆ ಹುಡುಗ ಆದರೂ. ಈ ಕೆಲಸಕ್ಕೆ ಅವು ಬೇಕಾಗೋದೂ ಇಲ್ಲ. ಹೊಸ ಲೆಕ್ಕ ಸರಿ ಬರುತ್ತೆ ಅಂತ ಖಾತ್ರಿ ಆಗುವವರೆಗೆ, ಎರಡು ತಿಂಗಳಾದರೂ ಕೆಂಪು ಪುಸ್ತಕವನ್ನೂ ಜೊತೆಗೇ ಬರೆಯಿರಿ. ಮುಗಿದ ಮೇಲೆ ಅಂಗಡಿ ಲೆಟರ್‌ಹೆಡ್ ಮೇಲೆ ಏನು ಮಾಡಿಕೊಟ್ಟರು, ಎಷ್ಟು ದಿನ ಕೆಲಸ ಮಾಡಿದರು, ಈಗಲೂ ಬಳಸ್ತಿದ್ದೀವಿ ಅಂತ ನಾಲ್ಕು ಸಾಲು ಬರೆದು, ಸಹಿ ಮಾಡಿ, ಸೀಲು ಹಾಕಿ, ಕೆಳಗೆ ನಿಮ್ಮ ಫೋನ್ ನಂಬರ್ ಕೊಡಿ. ಬೆಂಗಳೂರಿಂದ ಯಾರಾದರೂ ಫೋನ್ ಮಾಡಿ ವಿಚಾರಿಸಿದರೆ ಇದ್ದದ್ದು ಇದ್ದ ಹಾಗೆ ಹೇಳಿ.